ಹಸುವಿಗೆ ಬೆದೆ ಬರಲು ಇಂಜೆಕ್ಷನ್ ಕೊಟ್ಟರು, ಬಸುರಿ ಸೊಸೆ ಬಾಟಲಿ ಮುಟ್ಟಬಾರದು ಅಂದರು. ಏನಿದು?

ಹಟ್ಟಿಅಕ್ಕ, ಸುಂಟಿಕೊಪ್ಪ
ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಕಾಫಿ ತೋಟ. ಜೊತೆಗೆ ಹಟ್ಟಿಯಲ್ಲಿ ಹೆಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿವೆ. ಅದರಲ್ಲಿ ಒಂದು ಕರು ಹಾಕಿ ತುಂಬಾ ತಿಂಗಳಾಯಿತು, ಬೆದೆಯ ಸುಳಿವೇ ಇಲ್ಲ. ಲೋಳೆ ಇಲ್ಲ, ಕೂಗುವುದಿಲ್ಲ, ಬೇರೆ ಹಸುವಿನ ಮೇಲೆ ಹತ್ತುವುದೂ ಇಲ್ಲ. ಡಾಕ್ಟರು ಬಂದು ಕೈ ಹಾಕಿ ನೋಡಿದರು. ಗಬ್ಬ ಇಲ್ಲ, ಅಂಡಾಶಯದ ಮೇಲೆ ಗಂಟು ಕೂತಿದೆ ಅಂದರು. ಒಂದು ಇಂಜೆಕ್ಷನ್ ಕೊಟ್ಟು, ಎರಡರಿಂದ ಐದು ದಿನದೊಳಗೆ ಬೆದೆಗೆ ಬರಬೇಕು, ಗಮನ ಇಡಿ ಅಂತ ಹೇಳಿ ಹೋದರು.

ನನಗೆ ಗಾಬರಿಯಾಗಿದ್ದು ಬೇರೆ ವಿಷಯಕ್ಕೆ. ನಮ್ಮ ಸೊಸೆ ಈಗ ಬಸುರಿ. ಖಾಲಿ ಬಾಟಲಿ ಎತ್ತಲು ಅವಳು ಬಗ್ಗಿದಳು. ಡಾಕ್ಟರು ಕೂಡಲೇ ತಡೆದರು. "ನೀವು ಇದನ್ನು ಮುಟ್ಟಲೇಬಾರದು" ಅಂದರು. ಹಸುವಿಗೆ ಕೊಡುವ ಔಷಧಿ ಮನುಷ್ಯರಿಗೆ ಅಷ್ಟು ಅಪಾಯ ಅಂದರೆ ಹೇಗೆ? ಹಾಗಾದರೆ ಆ ಹಸುವಿನ ಹಾಲು ಡೇರಿಗೆ ಹಾಕಬಹುದಾ? ಮನೆಯಲ್ಲಿ ಕುಡಿಯಬಹುದಾ? ಪಕ್ಕದ ಮನೆಯವರು ಅದು ಹಾರ್ಮೋನ್ ಅಂತಾರೆ. ಅಂಗಡಿಯವರು ಹಾರ್ಮೋನ್ ಅಲ್ಲ ಅಂತಾರೆ. ಗೊತ್ತಿರುವವರು ಬಿಡಿಸಿ ಹೇಳಿ.

ಭಾಗಮಂಡಲ ಮಳೆ
ನಾನೂ ಇದನ್ನೇ ಕೇಳಬೇಕು ಅಂತಿದ್ದೆ ಅಕ್ಕ. ನಮ್ಮ ಹಸುವಿಗೂ ಕೊಟ್ಟಿದ್ದಾರೆ.

ಎಸ್ಟೇಟ್ ರೈಟರ್, ಸಿದ್ದಾಪುರ
ಅದು ಆಕ್ಸಿಟೋಸಿನ್ ಇರಬೇಕು. ಹಾಲು ಇಳಿಸಲು ಕದ್ದು ಕೊಡುತ್ತಾರಲ್ಲ, ಅದೇ. ಆ ಹಾಲು ಕುಡಿಯಬೇಡಿ.

ನಿವೃತ್ತ ದನದ ಡಾಕ್ಟ್ರು
ರೈಟರೇ, ಅಲ್ಲ. ಎರಡೂ ಬೇರೆ. ಬೆದೆಗೆ ತರಲು ಕೊಡುವುದು ಪ್ರೊಸ್ಟಾಗ್ಲಾಂಡಿನ್. ಸರಿಯಾಗಿ ಹೇಳಬೇಕೆಂದರೆ ಪಿಜಿಎಫ್ 2 ಆಲ್ಫಾ. ಇಂಜೆಕ್ಷನ್‌ನಲ್ಲಿ ಡೈನೋಪ್ರೋಸ್ಟ್ ಅಥವಾ ಕ್ಲೋಪ್ರೋಸ್ಟೆನಾಲ್ ಅಂತ ಬರೆದಿರುತ್ತದೆ. ಅಕ್ಕ, ಬಾಟಲಿ ಮೇಲೆ ಓದಿ ನೋಡಿ. ಓದುವ ಕೆಲಸ ಸೊಸೆಗೆ ಹೇಳಬೇಡಿ, ನೀವೇ ನೋಡಿ.

ಅದು ಹೊರಗಿನಿಂದ ಬಂದ ವಿಷ ಅಲ್ಲ. ನಿಮ್ಮ ಹಸುವಿನ ಗರ್ಭಕೋಶ ತಾನೇ ಅದನ್ನು ತಯಾರಿಸುತ್ತದೆ. ಹಸುವಿನ ಬೆದೆಯ ಚಕ್ರ ಸುಮಾರು 21 ದಿನ. ಬೆದೆ ಮುಗಿದ ಮೇಲೆ ಅಂಡಾಣು ಹೊರಬೀಳುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ ಒಂದು ಹಳದಿ ಗಂಟು ಬೆಳೆಯುತ್ತದೆ. ಇದನ್ನೇ ನಾವು ಸಿ.ಎಲ್. ಅನ್ನುವುದು. ಈ ಗಂಟು ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಸುರಿಸುತ್ತದೆ. ಪ್ರೊಜೆಸ್ಟರಾನ್ ಇರುವವರೆಗೆ ಬೆದೆ ಬರುವುದಿಲ್ಲ. ಗಬ್ಬ ನಿಂತರೆ ಅದನ್ನು ಕಾಪಾಡುವುದೂ ಅದೇ.

ಗಬ್ಬ ನಿಲ್ಲದಿದ್ದರೆ ಏನಾಗಬೇಕು? 16, 17ನೇ ದಿನದ ಹೊತ್ತಿಗೆ ಗರ್ಭಕೋಶದ ಒಳಪದರ ಪಿಜಿಎಫ್ 2 ಆಲ್ಫಾ ಬಿಡಲು ಶುರು ಮಾಡುತ್ತದೆ. ಒಂದೇ ಸಲ ಸುರಿಯುವುದಿಲ್ಲ. ಬಿಟ್ಟು ಬಿಟ್ಟು, ಅಲೆಅಲೆಯಾಗಿ ಬರುತ್ತದೆ. ಹಳದಿ ಗಂಟು ಕರಗುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಮುಂದಿನ ಬೆದೆ ಬರುತ್ತದೆ. ರೈಟರು ಹೇಳಿದ ಆಕ್ಸಿಟೋಸಿನ್‌ಗೂ ಇಲ್ಲಿ ಒಂದು ಪಾತ್ರ ಇದೆ. ಆ ಗಂಟೇ ಆಕ್ಸಿಟೋಸಿನ್ ಬಿಡುತ್ತದೆ, ಅದು ಗರ್ಭಕೋಶಕ್ಕೆ ತಟ್ಟಿ ಇನ್ನಷ್ಟು ಪ್ರೊಸ್ಟಾಗ್ಲಾಂಡಿನ್ ಬರುವ ಹಾಗೆ ಮಾಡುತ್ತದೆ. ಅದರಿಂದ ಗಂಟು ಇನ್ನಷ್ಟು ಆಕ್ಸಿಟೋಸಿನ್ ಬಿಡುತ್ತದೆ.

ಕೆಲವು ಹಸುಗಳಲ್ಲಿ, ಮುಖ್ಯವಾಗಿ ಗರ್ಭಕೋಶದಲ್ಲಿ ಕೀವು ತುಂಬಿದಾಗ, ಈ ಸಂಕೇತ ಸರಿಯಾಗಿ ಬರುವುದಿಲ್ಲ. ಗಂಟು ಕರಗದೆ ಕೂತುಬಿಡುತ್ತದೆ. ಆಗ ನಾವು ಹೊರಗಿನಿಂದ ಅದೇ ಅಣುವನ್ನು, ಇಲ್ಲವೇ ಕ್ಲೋಪ್ರೋಸ್ಟೆನಾಲ್ ತರಹದ ಅದರ ಹತ್ತಿರದ ಸಂಬಂಧಿಯನ್ನು ಕೊಡುತ್ತೇವೆ. ಇನ್ನು ಕೆಲವು ಹಸುಗಳಲ್ಲಿ ಚಕ್ರ ಸರಿಯಾಗೇ ಇರುತ್ತದೆ, ಬೆದೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಮೂಕ ಬೆದೆ ಅಂತೀವಿ. ಅಂಥವಕ್ಕೂ ಈ ಇಂಜೆಕ್ಷನ್ ಕೊಟ್ಟರೆ ಯಾವ ದಿನಗಳಲ್ಲಿ ನೋಡಬೇಕು ಅಂತ ಗೊತ್ತಾಗುತ್ತದೆ.

ಈಗ ಸೊಸೆಯ ವಿಷಯ. ಈ ಔಷಧಿ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಬಸುರಿಯ ಗರ್ಭಕೋಶವನ್ನು ಹಿಂಡಿಸಿ ಗರ್ಭಪಾತ ಮಾಡಬಲ್ಲದು. ಉಬ್ಬಸ ಇರುವವರಿಗೂ ಅಪಾಯ, ಉಸಿರುನಾಳ ಬಿಗಿಯುತ್ತದೆ. ನಿಮ್ಮ ಡಾಕ್ಟರು ತಡೆದದ್ದು ಸರಿ. ಕೈಗೆ ತಾಗಿದರೆ ಕೂಡಲೇ ಸೋಪು, ನೀರಿನಿಂದ ತೊಳೆಯಬೇಕು.

ಹಟ್ಟಿಅಕ್ಕ, ಸುಂಟಿಕೊಪ್ಪ
ಡಾಕ್ಟ್ರೇ, ತುಂಬಾ ಉಪಕಾರ. ಬಾಟಲಿ ಮೇಲೆ ಕ್ಲೋಪ್ರೋಸ್ಟೆನಾಲ್ ಅಂತಲೇ ಇದೆ. ಹಾಲಿನ ವಿಷಯ ಹೇಳಲಿಲ್ಲ.

ನಿವೃತ್ತ ದನದ ಡಾಕ್ಟ್ರು
ಹಾಲು ಹಾಕಬಹುದು. ಪ್ರೊಸ್ಟಾಗ್ಲಾಂಡಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಹಸುವಿನದೇ ಪಿಜಿಎಫ್ ಆದರೆ, ರಕ್ತ ಶ್ವಾಸಕೋಶದೊಳಗೆ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಹೆಚ್ಚಿನ ಪಾಲು ಒಡೆದು ಹೋಗುತ್ತದೆ. ಕ್ಲೋಪ್ರೋಸ್ಟೆನಾಲ್ ಸ್ವಲ್ಪ ಹೆಚ್ಚು ಹೊತ್ತು ಇರುತ್ತದೆ, ಅದೂ ಗಂಟೆಗಳ ಲೆಕ್ಕ. ಡೈನೋಪ್ರೋಸ್ಟ್ ಕೊಟ್ಟ ಹಸುವಿನ ಹಾಲು ಇಷ್ಟು ದಿನ ಬಳಸಬಾರದು ಅನ್ನುವ ನಿಯಮ ಅಮೆರಿಕದಲ್ಲೂ ಇಲ್ಲ, ಅಲ್ಲಿ ಆ ಅವಧಿ ಸೊನ್ನೆ. ಆದರೂ ನಿಮ್ಮ ಬಾಟಲಿಯ ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನೇ ಪಾಲಿಸಿ. ಜೊತೆಗೆ ಕೀವಿಗೆ ಆಂಟಿಬಯೋಟಿಕ್ ಕೊಟ್ಟಿದ್ದರೆ ಅದರ ಲೆಕ್ಕವೇ ಬೇರೆ. ಅದನ್ನು ಕೊಟ್ಟ ಹಸುವಿನ ಹಾಲು ಡೇರಿಗೆ ಹಾಕಲೇಬೇಡಿ.

ಗಿಡ್ಡತಳಿ, ಸೋಮವಾರಪೇಟೆ
ಸೊನ್ನೆ ಅಂತ ಅವರು ಹೇಳಿದರೆ ನಾವು ನಂಬಬೇಕಾ? ನಮ್ಮ ಅಜ್ಜನ ಕಾಲದಲ್ಲಿ ಮಲೆನಾಡು ಗಿಡ್ಡ ಹಸುಗಳು ಗದ್ದೆ ಬದಿಯಲ್ಲಿ, ಕಾಡಂಚಲ್ಲಿ ಮೇಯ್ದು ಬರುತ್ತಿದ್ದವು. ಹೋರಿ ಜೊತೆಯಲ್ಲೇ ಇರುತ್ತಿತ್ತು. ಯಾರೂ ಕೈ ಹಾಕಿ ನೋಡುತ್ತಿರಲಿಲ್ಲ, ಯಾವ ಇಂಜೆಕ್ಷನ್ನೂ ಇರಲಿಲ್ಲ. ವರ್ಷಕ್ಕೊಂದು ಕರು. ಹಾಲಿನ ಆಸೆಗೆ ಹೆಚ್‌ಎಫ್ ತಂದರು, ಈಗ ಪ್ರತಿಯೊಂದಕ್ಕೂ ಕೆಮಿಕಲ್.

ನಿವೃತ್ತ ದನದ ಡಾಕ್ಟ್ರು
ಗಿಡ್ಡದ ಗರ್ಭಕೋಶವೂ ಇದೇ ಅಣುವನ್ನೇ ಮಾಡುತ್ತದೆ ಅಣ್ಣ. ಅದಿಲ್ಲದೆ ನಿಮ್ಮ ಅಜ್ಜನ ಹಸುಗಳೂ ಮತ್ತೆ ಬೆದೆಗೆ ಬರುತ್ತಿರಲಿಲ್ಲ. ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಜಾಸ್ತಿ ಹಾಲಿನ ಹಸು ಕರು ಹಾಕಿದ ಮೇಲೆ ತಿಂದದ್ದಕ್ಕಿಂತ ಜಾಸ್ತಿ ಶಕ್ತಿಯನ್ನು ಹಾಲಿಗೆ ಸುರಿಯುತ್ತದೆ. ಮೈ ಇಳಿಯುತ್ತದೆ. ಅಂಥ ಹಸುವಿನ ಅಂಡಾಶಯ ಕೆಲಸವನ್ನೇ ನಿಲ್ಲಿಸಬಹುದು. ಅಲ್ಲಿ ಹಳದಿ ಗಂಟೇ ಇರುವುದಿಲ್ಲ. ಗಂಟು ಇಲ್ಲದ ಕಡೆ ಗಂಟು ಕರಗಿಸುವ ಔಷಧಿ ಕೊಟ್ಟು ಏನು ಪ್ರಯೋಜನ? ಅದಕ್ಕೇ ಮೊದಲು ಕೈ ಹಾಕಿ ನೋಡಬೇಕು. ಕೆಲವರು ನೋಡದೆಯೇ ಚುಚ್ಚುತ್ತಾರೆ. ಗಬ್ಬದ ಹಸುವಿಗೆ ಚುಚ್ಚಿದರೆ ಕಂದು ಹಾಕುತ್ತದೆ.

ಬಯಾಲಜಿ ಮೇಷ್ಟ್ರು, ಕುಶಾಲನಗರ
ಹಟ್ಟಿಅಕ್ಕ ಕೇಳಿದ ಹಾರ್ಮೋನ್ ಹೌದೋ ಅಲ್ಲವೋ ಅನ್ನುವುದಕ್ಕೆ ನಾನು ಸ್ವಲ್ಪ ಸೇರಿಸುತ್ತೇನೆ. ಇನ್ಸುಲಿನ್ ತರಹದ ಹಾರ್ಮೋನ್ ಒಂದು ಗ್ರಂಥಿಯಲ್ಲಿ ತಯಾರಾಗುತ್ತದೆ. ರಕ್ತದಲ್ಲಿ ದೂರ ಹೋಗಿ ಕೆಲಸ ಮಾಡುತ್ತದೆ. ಪ್ರೊಸ್ಟಾಗ್ಲಾಂಡಿನ್‌ಗೆ ಅಂತ ಒಂದು ಗ್ರಂಥಿ ಇಲ್ಲ. ದೇಹದ ಹೆಚ್ಚುಕಡಿಮೆ ಎಲ್ಲ ಕಡೆ, ಜೀವಕೋಶದ ಪೊರೆಯಲ್ಲಿರುವ ಅರಾಕಿಡೋನಿಕ್ ಆಮ್ಲ ಅನ್ನುವ ಕೊಬ್ಬಿನಿಂದ ಬೇಕಾದಾಗ ತಯಾರಾಗುತ್ತದೆ. ಹತ್ತಿರದ ಜೀವಕೋಶಗಳಿಗೆ ಸುದ್ದಿ ಮುಟ್ಟಿಸಿ ನಿಮಿಷಗಳಲ್ಲಿ ನಾಶವಾಗುತ್ತದೆ. ಹಾಗಾಗಿ ಹಾರ್ಮೋನ್ ತರಹದ್ದು ಅಂತ ಹೇಳುತ್ತಾರೆ.

ಆದರೆ ಹಸು, ಕುರಿಯ ಗರ್ಭಕೋಶದ ವಿಷಯ ವಿಶೇಷ. ಅಲ್ಲಿ ಪಿಜಿಎಫ್ ಗರ್ಭಕೋಶದಿಂದ ಅಂಡಾಶಯಕ್ಕೆ ಹೋಗಬೇಕು. ಮಾಮೂಲಿ ದಾರಿಯಲ್ಲಿ ಹೋದರೆ ಶ್ವಾಸಕೋಶದಲ್ಲೇ ಮುಗಿದುಹೋಗುತ್ತದೆ, ಡಾಕ್ಟ್ರು ಹೇಳಿದ ಹಾಗೆ. ಅದಕ್ಕೆ ದೇಹ ಒಂದು ಒಳದಾರಿ ಮಾಡಿಕೊಂಡಿದೆ. ಗರ್ಭಕೋಶದಿಂದ ಹೊರಡುವ ರಕ್ತನಾಳಕ್ಕೆ ಅಂಡಾಶಯಕ್ಕೆ ಹೋಗುವ ರಕ್ತನಾಳ ಅಂಟಿಕೊಂಡು, ಸುತ್ತಿಕೊಂಡು ಇರುತ್ತದೆ. ಪಿಜಿಎಫ್ ಒಂದರ ಗೋಡೆಯಿಂದ ಇನ್ನೊಂದಕ್ಕೆ ನೇರವಾಗಿ ದಾಟಿಬಿಡುತ್ತದೆ. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಇದನ್ನು ಕಂಡುಕೊಳ್ಳಲು ಬಹಳ ವರ್ಷ ಬೇಕಾಯಿತು. 1923ರಲ್ಲಿ ಲಿಯೋ ಲೋಬ್ ಅನ್ನುವ ವಿಜ್ಞಾನಿ ಗಿನಿಯಿಲಿಯ ಗರ್ಭಕೋಶ ತೆಗೆದುಹಾಕಿದಾಗ ಹಳದಿ ಗಂಟು ಕರಗದೆ ಉಳಿಯಿತು. ಅಂದರೆ ಗಂಟು ಕರಗಿಸುವ ಏನೋ ಒಂದು ಗರ್ಭಕೋಶದಿಂದಲೇ ಬರುತ್ತದೆ ಅಂತಾಯಿತು. ಆ ಏನೋ ಒಂದು ಕುರಿಗಳಲ್ಲಿ ಪಿಜಿಎಫ್ 2 ಆಲ್ಫಾ ಅಂತ ಖಚಿತವಾದದ್ದು 1972ರ ಹೊತ್ತಿಗೆ.

ಪೊನ್ನಂಪೇಟೆ ಫಾರೆಸ್ಟ್ರಿ ಹುಡುಗ
ಮೇಷ್ಟ್ರೇ, ಹೆಂಗಸರಿಗೆ ಗರ್ಭಕೋಶ ತೆಗೆದರೂ ಹಾಗೇ ಆಗುತ್ತದಾ?

ಬಯಾಲಜಿ ಮೇಷ್ಟ್ರು, ಕುಶಾಲನಗರ
ಇಲ್ಲ. ಒಳ್ಳೆ ಪ್ರಶ್ನೆ. ಮನುಷ್ಯರಲ್ಲಿ, ಕೋತಿಗಳಲ್ಲಿ ಹಳದಿ ಗಂಟಿನ ಕೊನೆ ಅಂಡಾಶಯದ ಒಳಗೇ ತೀರ್ಮಾನವಾಗುತ್ತದೆ. ಗರ್ಭಕೋಶ ತೆಗೆದ ಹೆಂಗಸಿಗೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯ ಉಳಿಸಿದ್ದರೆ ಅದರ ಚಕ್ರ ಮುಂದುವರಿಯುತ್ತದೆ. ಹಸುವಿನ ಲೆಕ್ಕವನ್ನು ಹಾಗೇ ಹೆಂಗಸರಿಗೆ ಹಾಕಬಾರದು.

ಜೇನುಗೂಡು, ನಾಪೋಕ್ಲು
ನಮ್ಮ ನಾಯಿ ಗಂಡಿನ ಹತ್ತಿರ ಹೋಗಿಯೇ ಇಲ್ಲ. ಆದರೂ ಕೆಚ್ಚಲು ಬಂದಿದೆ, ಮೂಲೆಯಲ್ಲಿ ಬಟ್ಟೆ ಗುಡ್ಡೆ ಹಾಕಿ ಕೂತಿದೆ. ಇದಕ್ಕೂ ಈ ಇಂಜೆಕ್ಷನ್ ಬೇಕಾ?

ನಿವೃತ್ತ ದನದ ಡಾಕ್ಟ್ರು
ಬೇಡ ಬೇಡ. ಅದು ಸುಳ್ಳು ಬಸಿರು. ನಾಯಿಯ ಗರ್ಭಕೋಶ ಹಸುವಿನ ಹಾಗೆ ಹಳದಿ ಗಂಟನ್ನು ಕರಗಿಸುವ ಸಂಕೇತ ಕೊಡುವುದಿಲ್ಲ. ಮರಿ ನಿಂತರೂ ನಿಲ್ಲದಿದ್ದರೂ ಗಂಟು ಸುಮಾರು ಎರಡು ತಿಂಗಳು ಇರುತ್ತದೆ. ದೇಹಕ್ಕೆ ಬಸಿರೇ ಅನ್ನಿಸುತ್ತದೆ. ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಕೆಚ್ಚಲು ಹಿಂಡಿ ನೋಡಬೇಡಿ, ಹಿಂಡಿದಷ್ಟೂ ಹಾಲು ಬರುತ್ತದೆ. ಆದರೆ ನೀರು ಜಾಸ್ತಿ ಕುಡಿದು, ಊಟ ಬಿಟ್ಟು, ಹಿಂದಿನಿಂದ ವಾಸನೆಯ ಕೀವು ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಅದು ಗರ್ಭಕೋಶದ ಕೀವು, ತಡಮಾಡಿದರೆ ಜೀವಕ್ಕೇ ಕುತ್ತು.

ಜೇನುಗೂಡು, ನಾಪೋಕ್ಲು
ಕೀವು ಇಲ್ಲ. ಸಮಾಧಾನವಾಯಿತು ಡಾಕ್ಟ್ರೇ.

ಎಸ್ಟೇಟ್ ರೈಟರ್, ಸಿದ್ದಾಪುರ
ಒಂದು ಸಂಶಯ. ಗಬ್ಬ ನಿಂತಿದೆ ಅಂತ ಗರ್ಭಕೋಶಕ್ಕೆ ಗೊತ್ತಾಗುವುದು ಹೇಗೆ? 16ನೇ ದಿನ ಅಂದರೆ ಪಿಂಡ ಕಣ್ಣಿಗೂ ಕಾಣದಷ್ಟು ಸಣ್ಣದು ಇರುತ್ತದಲ್ವಾ?

ಬಯಾಲಜಿ ಮೇಷ್ಟ್ರು, ಕುಶಾಲನಗರ
ಅಷ್ಟು ಸಣ್ಣದೇನಲ್ಲ ರೈಟರೇ. ಹಸುವಿನ ಪಿಂಡದ ಹೊರಪದರ ಆ ಹೊತ್ತಿಗೆ ಉದ್ದಕ್ಕೆ ದಾರದ ಹಾಗೆ ಬೆಳೆದಿರುತ್ತದೆ. ಗರ್ಭಕೋಶದೊಳಗೆ ಆದಷ್ಟು ಜಾಗವನ್ನು ತಾಗಬೇಕು, ಅದಕ್ಕೇ ಹಾಗೆ. ಅದು ಇಂಟರ್‌ಫೆರಾನ್ ಟೌ ಅನ್ನುವ ಪ್ರೋಟೀನ್ ಬಿಡುತ್ತದೆ. 15ರಿಂದ 17ನೇ ದಿನದ ಸುಮಾರಿಗೆ ಅದು ಅತಿ ಜಾಸ್ತಿ. ಇಂಟರ್‌ಫೆರಾನ್ ಅಂದರೆ ವೈರಸ್ ವಿರುದ್ಧ ದೇಹ ಬಳಸುವ ಗುಂಪಿನ ಅಣು. ಮೆಲುಕು ಹಾಕುವ ಪ್ರಾಣಿಗಳು ಅದೇ ಗುಂಪಿನ ಒಂದನ್ನು ಬಸಿರಿನ ಸುದ್ದಿ ಹೇಳಲು ಬಳಸಿಕೊಂಡಿವೆ.

ಅದು ಗರ್ಭಕೋಶದ ಒಳಪದರದಲ್ಲಿ ಆಕ್ಸಿಟೋಸಿನ್‌ಗೆ ಸ್ಪಂದಿಸುವ ಗ್ರಾಹಕಗಳು (ಸಂಕೇತವನ್ನು ಹಿಡಿದುಕೊಳ್ಳುವ ಅಣುಗಳು) ಹುಟ್ಟದ ಹಾಗೆ ತಡೆಯುತ್ತದೆ. ಹಾಗಾಗಿ ಪ್ರೊಸ್ಟಾಗ್ಲಾಂಡಿನ್‌ನ ಅಲೆಗಳು ಏಳುವುದಿಲ್ಲ. ಗಂಟು ಉಳಿಯುತ್ತದೆ, ಗಬ್ಬ ನಿಲ್ಲುತ್ತದೆ. ಪಿಂಡ ಸಣಕಲಾಗಿದ್ದು ಸುದ್ದಿ ಹೇಳುವುದು ತಡವಾದರೆ, ಗರ್ಭ ಕಟ್ಟಿದ್ದರೂ ಹಸು ಮತ್ತೆ ಬೆದೆಗೆ ಬರುತ್ತದೆ.

ಮನುಷ್ಯರಲ್ಲಿ ಈ ಕೆಲಸ ಎಚ್‌ಸಿಜಿ ಅನ್ನುವ ಹಾರ್ಮೋನ್ ಮಾಡುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮೂತ್ರದ ಪಟ್ಟಿ ಪತ್ತೆ ಮಾಡುವುದು ಅದನ್ನೇ. ಆ ಪಟ್ಟಿಯಲ್ಲಿ ಹಸುವಿನ ಗಬ್ಬ ನೋಡಲು ಹೋಗಬೇಡಿ. ಹಸು ಎಚ್‌ಸಿಜಿ ಮಾಡುವುದಿಲ್ಲ.

ಭಾಗಮಂಡಲ ಮಳೆ
ನಮ್ಮ ಕಡೆ ಒಬ್ಬರು ಅದೇ ಪಟ್ಟಿ ತಂದು ನೋಡಿದ್ದರು! ಇಲ್ಲ ಅಂತ ತೋರಿಸಿತು, ಹಸು ಗಬ್ಬ ಇತ್ತು.

ಮಡಿಕೇರಿ ಸಿಸ್ಟರ್
ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ನಮ್ಮಲ್ಲೂ ಈ ಗುಂಪಿನ ಔಷಧಿಗಳಿಲ್ಲದೆ ಆಗುವುದಿಲ್ಲ. ದಿನ ತುಂಬಿದರೂ ನೋವು ಬಾರದಿದ್ದರೆ, ಗರ್ಭಕೋಶದ ಬಾಯಿ ಗಟ್ಟಿಯಾಗಿದ್ದರೆ, ಪಿಜಿಇ 2 ಅನ್ನುವ ಇನ್ನೊಂದು ಪ್ರೊಸ್ಟಾಗ್ಲಾಂಡಿನ್ ಇರುವ ಜೆಲ್ ಇಡುತ್ತೇವೆ. ಅದು ಬಾಯಿಯನ್ನು ಮೆತ್ತಗೆ ಮಾಡುತ್ತದೆ. ಹೆರಿಗೆ ಆದ ಮೇಲೆ ರಕ್ತ ನಿಲ್ಲದಿದ್ದರೆ ಮೊದಲು ಆಕ್ಸಿಟೋಸಿನ್. ಅದಕ್ಕೂ ಬಗ್ಗದಿದ್ದರೆ ಕಾರ್ಬೋಪ್ರೋಸ್ಟ್ ಇಂಜೆಕ್ಷನ್. ಅದು ಪಿಜಿಎಫ್ 2 ಆಲ್ಫಾದ ಹತ್ತಿರದ ಸಂಬಂಧಿ. ಕೊಡುವ ಮೊದಲು ಉಬ್ಬಸ ಇದೆಯಾ ಅಂತ ಕೇಳಲೇಬೇಕು. ಡಾಕ್ಟ್ರು ಹಸುವಿನ ಬಾಟಲಿಗೆ ಹೇಳಿದ ಅದೇ ಕಾರಣ.

ಕಾರ್ಬೋಪ್ರೋಸ್ಟ್ ಫ್ರಿಜ್‌ನಲ್ಲೇ ಇಡಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದಾಗ ಸಣ್ಣ ಆಸ್ಪತ್ರೆಗಳಿಗೆ ಇದೊಂದು ದೊಡ್ಡ ಚಿಂತೆ. ಮಿಸೋಪ್ರೋಸ್ಟಾಲ್ ಮಾತ್ರೆ ಇದೇ ಗುಂಪಿನದು, ಅದಕ್ಕೆ ಫ್ರಿಜ್ ಬೇಡ. ಡಬ್ಲ್ಯುಎಚ್‌ಒದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಅದಿದೆ. ಗುಡ್ಡದ ಮೇಲಿನ ಊರುಗಳಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ರಸ್ತೆ ಕುಸಿದ ದಿನಗಳನ್ನು ನೋಡಿದವರಿಗೆ ಗೊತ್ತು.

ಒಂದು ಮಾತು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಆ ಮಾತ್ರೆಯನ್ನು ಯಾರೂ ಅಂಗಡಿಯಿಂದ ತಂದು ತಾವಾಗಿ ನುಂಗಬೇಡಿ. ಮೊದಲು ಸಿಸೇರಿಯನ್ ಆದವರಲ್ಲಿ ಹೊಲಿಗೆ ಹಾಕಿದ ಜಾಗ ಬಿರಿಯಬಹುದು. ಹಟ್ಟಿಅಕ್ಕ, ಸೊಸೆಗೆ ಗಾಬರಿ ಬೇಡ ಅನ್ನಿ. ಬಾಟಲಿ ಮುಟ್ಟಿಲ್ಲ ತಾನೇ?

ಹಟ್ಟಿಅಕ್ಕ, ಸುಂಟಿಕೊಪ್ಪ
ಮುಟ್ಟಿಲ್ಲ ಸಿಸ್ಟರ್. ಈಗ ಹಟ್ಟಿಗೇ ಬಿಡುತ್ತಿಲ್ಲ ನಾನು.

ಮಡಿಕೇರಿ ಸಿಸ್ಟರ್
ಹಟ್ಟಿಗೆ ಹೋಗಲಿ ಅಕ್ಕ, ನಡೆದಾಡಲಿ. ಇಂಜೆಕ್ಷನ್ ಸಾಮಾನಿನಿಂದ ಮಾತ್ರ ದೂರ ಇರಲಿ. ಕಂದು ಹಾಕಿದ ಹಸುವಿನ ಮಾಸು, ನೀರು ಮುಟ್ಟುವುದೂ ಬೇಡ, ಅದರಿಂದ ಬ್ರುಸೆಲ್ಲಾ ಅನ್ನುವ ರೋಗಾಣು ಹರಡಬಹುದು.

ಬೆಂಗಳೂರಲ್ಲಿರೋ ಕೊಡಗಿನವಳು
ಸಿಸ್ಟರ್, ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನನಗೆ ಮುಟ್ಟಿನ ಹೊಟ್ಟೆನೋವು ತುಂಬಾ. ಕಾಲೇಜಿನಿಂದ ಮೆಫೆನಾಮಿಕ್ ಆಸಿಡ್ ಮಾತ್ರೆ ತಗೊಳ್ತಾ ಇದ್ದೇನೆ. ಈಗ ಮಗುವಿಗೆ ಪ್ರಯತ್ನ ಮಾಡುತ್ತಿದ್ದೇವೆ. ನೋವಿನ ಮಾತ್ರೆಯಿಂದ ಮಕ್ಕಳಾಗುವುದಿಲ್ಲ ಅಂತ ಅತ್ತೆ ದಿನಾ ಅನ್ನುತ್ತಾರೆ. ಅದು ಹೌದಾ?

ಮಡಿಕೇರಿ ಸಿಸ್ಟರ್
ಇಲ್ಲೇ ಕೇಳು ಮಗಳೇ, ಎಲ್ಲರಿಗೂ ಉಪಯೋಗ. ಮುಟ್ಟಿನ ನೋವಿಗೆ ದೊಡ್ಡ ಕಾರಣ ಇದೇ ಪಿಜಿಎಫ್ 2 ಆಲ್ಫಾ. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಿಂದ ಅದು ಬರುತ್ತದೆ. ಸ್ನಾಯು ಹಿಂಡುತ್ತದೆ, ರಕ್ತ ಓಡಾಟ ಕಮ್ಮಿಯಾಗುತ್ತದೆ, ನೋವಾಗುತ್ತದೆ. ಅದು ಜಾಸ್ತಿ ಇರುವವರಿಗೆ ನೋವೂ ಜಾಸ್ತಿ. ಹೊಟ್ಟೆ ಕೆಡುವುದೂ ಅದರಿಂದಲೇ. ಮೆಫೆನಾಮಿಕ್, ಐಬುಪ್ರೊಫೆನ್ ಇವೆಲ್ಲ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಹಾಗಾಗಿ ನೋವು ಇಳಿಯುತ್ತದೆ. ಮುಟ್ಟಿನ ದಿನಗಳಲ್ಲಿ ಅಂಡಾಣು ಬಿಡುವ ಕೆಲಸ ಇರುವುದಿಲ್ಲ, ಅದಕ್ಕೇ ಆ ದಿನಗಳಲ್ಲಿ ನುಂಗಿದ ಮಾತ್ರೆಯಿಂದ ಬಂಜೆತನ ಬರುವುದಿಲ್ಲ. ಅತ್ತೆಗೆ ಇದನ್ನು ಓದಿ ಹೇಳು.

ಆದರೆ ತಿಂಗಳ ನಡುವೆ, ಅಂಡಾಣು ಬಿಡುವ ದಿನಗಳಲ್ಲಿ ಎಚ್ಚರ ಬೇಕು. ಮೇಷ್ಟ್ರು ಇನ್ನೂ ಚೆನ್ನಾಗಿ ಹೇಳುತ್ತಾರೆ.

ಬಯಾಲಜಿ ಮೇಷ್ಟ್ರು, ಕುಶಾಲನಗರ
ಸಿಸ್ಟರ್ ಹೇಳಿದ್ದು ಸರಿ. ಅಂಡಾಣು ಹೊರಬರಬೇಕಾದರೆ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಅನ್ನುವ ಹಾರ್ಮೋನ್ ಒಂದೇ ಸಲ ಏರುತ್ತದೆ. ಕಾಫಿ ಮೊಗ್ಗಿಗೆ ಹೂ ಮಳೆ ಬಿದ್ದ ಹಾಗೆ. ಆದರೆ ಎಲ್‌ಎಚ್ ಒಂದರಿಂದಲೇ ಅಂಡಾಣು ಇರುವ ಗುಳ್ಳೆಯಂಥ ಕೋಶ ಒಡೆಯುವುದಿಲ್ಲ. ಅದು ಅಂಡಾಣುವಿನ ಸುತ್ತಲ ಜೀವಕೋಶಗಳಲ್ಲಿ ಕಾಕ್ಸ್-2 ಅನ್ನುವ ಕಿಣ್ವವನ್ನು ಎಬ್ಬಿಸುತ್ತದೆ. ಕಾಕ್ಸ್-2 ಪಿಜಿಇ 2 ತಯಾರಿಸುತ್ತದೆ. ಆ ಪಿಜಿಇ 2 ಸುತ್ತಲ ಪದರವನ್ನು ಸಡಿಲಗೊಳಿಸಿ, ಗೋಡೆ ಒಡೆದು ಅಂಡಾಣು ಹೊರಬರಲು ಸಹಾಯ ಮಾಡುತ್ತದೆ.

ಕಾಕ್ಸ್-2 ಇಲ್ಲದ ಇಲಿಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ 1997ರಲ್ಲಿ ವರದಿ ಮಾಡಿದರು. ಹೆಣ್ಣಿಲಿಗಳಲ್ಲಿ ಅಂಡಾಣು ಬಿಡುವುದು, ಫಲವಾಗುವುದು, ಗರ್ಭಕೋಶಕ್ಕೆ ಅಂಟುವುದು, ಎಲ್ಲ ಹಂತದಲ್ಲೂ ತೊಂದರೆ. ಅದೇ ವರ್ಷ ಇನ್ನೊಂದು ಕೆಲಸ ಬಂತು. ಪಿಜಿಎಫ್‌ನ ಗ್ರಾಹಕ ಇಲ್ಲದ ಇಲಿಗಳು ಬಸಿರಾದವು, ಆದರೆ ದಿನ ತುಂಬಿದರೂ ಹೆರಿಗೆ ನೋವೇ ಬರಲಿಲ್ಲ. ಹಳದಿ ಗಂಟು ಕರಗಲಿಲ್ಲ, ಪ್ರೊಜೆಸ್ಟರಾನ್ ಇಳಿಯಲಿಲ್ಲ.

ಕಾಕ್ಸ್-2 ತಡೆಯುವ ನೋವಿನ ಮಾತ್ರೆಯನ್ನು ಸರಿಯಾಗಿ ಆ ದಿನಗಳಲ್ಲಿ ನುಂಗಿದರೆ, ಕೆಲವರಲ್ಲಿ ಕೋಶ ಒಡೆಯುವುದೇ ಇಲ್ಲ. ಅಂಡಾಣು ಒಳಗೇ ಉಳಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ಪ್ರೊಜೆಸ್ಟರಾನ್ ಏರಿರುತ್ತದೆ, ಎಲ್ಲ ಸರಿ ಇದೆ ಅಂತ ಕಾಣುತ್ತದೆ. ಮಾತ್ರೆ ನಿಲ್ಲಿಸಿದರೆ ಮತ್ತೆ ಸರಿಹೋಗುತ್ತದೆ, ಶಾಶ್ವತ ಅಲ್ಲ. ಸಂಧಿವಾತಕ್ಕೆ ದಿನಾ ಇಂಥ ಮಾತ್ರೆ ತಗೊಳ್ಳುವ ಹೆಣ್ಣುಮಕ್ಕಳು ಮಗು ಬೇಕಿದ್ದರೆ ಡಾಕ್ಟರಿಗೆ ಇದನ್ನು ಹೇಳಬೇಕು.

ಬೆಂಗಳೂರಲ್ಲಿರೋ ಕೊಡಗಿನವಳು
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಬೆನ್ನುನೋವಿಗೆ ಅಂತ ತಿಂಗಳ ನಡುವೆಯೂ ನುಂಗುತ್ತಿದ್ದೆ. ಇಷ್ಟು ದಿನ ಯಾರೂ ಇದನ್ನು ಹೇಳಿರಲಿಲ್ಲ.

ಮಡಿಕೇರಿ ಸಿಸ್ಟರ್
ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ) ಇದೆಯಾ ಅಂತ ನೋಡಿಸಿಕೋ. ಹೆಣ್ಣಿನ ನೋವನ್ನು ಎಲ್ಲರೂ ಮಾಮೂಲಿ ಅಂತ ತಳ್ಳಿಬಿಡುತ್ತಾರೆ. ನೀನು ತಳ್ಳಬೇಡ.

ಗಿಡ್ಡತಳಿ, ಸೋಮವಾರಪೇಟೆ
ಎಲ್ಲ ಓದಿದೆ. ನನ್ನ ಮಾತು ಅದೇ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಮದ್ದು ಸೊಪ್ಪು ತಿನ್ನುತ್ತೇವೆ. ಹಸುವಿಗೂ ಕಾಡಿನ ಸೊಪ್ಪು ಕೊಟ್ಟರೆ ಬೆದೆ ತಾನಾಗಿ ಬರುತ್ತದೆ.

ಪೊನ್ನಂಪೇಟೆ ಫಾರೆಸ್ಟ್ರಿ ಹುಡುಗ
ಅಣ್ಣ, ಮದ್ದು ಸೊಪ್ಪಿನ ಪಾಯಸ ನನಗೂ ಇಷ್ಟ, ಪ್ರತಿ ವರ್ಷ ಆಗಸ್ಟ್ 3ಕ್ಕೆ ಮನೆಯಲ್ಲಿ ಮಾಡುತ್ತೇವೆ. ಆದರೆ ಅದು ಹಸುವಿಗೆ ಬೆದೆ ತರುತ್ತದೆ ಅನ್ನುವುದಕ್ಕೆ ಆಧಾರ ಏನು?

ಗಿಡ್ಡತಳಿ, ಸೋಮವಾರಪೇಟೆ
ಅನುಭವ.

ನಿವೃತ್ತ ದನದ ಡಾಕ್ಟ್ರು
ಹಸಿರು ಸೊಪ್ಪು ತಿಂದು ಮೈ ಕೈ ತುಂಬಿಕೊಂಡರೆ ಬೆದೆ ಬರುತ್ತದೆ, ಅದು ನಿಜ. ಇದರ ಹಿಂದೆಯೂ ಸಂಕೇತದ ಅಣುಗಳೇ ಇವೆ. ಕೊಬ್ಬಿನ ಜೀವಕೋಶದಿಂದ ಲೆಪ್ಟಿನ್ ಬರುತ್ತದೆ, ಮೈಯಲ್ಲಿ ಶಕ್ತಿ ಇದೆ ಅಂತ ಮೆದುಳಿಗೆ ತಿಳಿಸುತ್ತದೆ. ಅಲ್ಲಿ ಕಿಸ್‌ಪೆಪ್ಟಿನ್ ಅನ್ನುವ ಸಣ್ಣ ಪ್ರೋಟೀನ್ ಬಿಡುವ ನರಕೋಶಗಳಿವೆ. ಅವು ಜಿಎನ್‌ಆರ್‌ಎಚ್ ಅನ್ನುವ ಮೆದುಳಿನ ಹಾರ್ಮೋನ್ ಬಿಡಿಸುತ್ತವೆ, ಅದರಿಂದ ಎಲ್‌ಎಚ್. ಕಿಸ್‌ಪೆಪ್ಟಿನ್‌ನ ಗ್ರಾಹಕ ಕೆಟ್ಟಿರುವ ಮನುಷ್ಯರು ಪ್ರಾಯಕ್ಕೇ ಬರುವುದಿಲ್ಲ ಅಂತ 2003ರಲ್ಲಿ ಗೊತ್ತಾಯಿತು.

ನಮ್ಮ ಜಿಲ್ಲೆಯಲ್ಲಿ ಆಷಾಢದ ಜಡಿಮಳೆಗೆ ಹಸುಗಳನ್ನು ಹೊರಗೆ ಬಿಡುವುದಿಲ್ಲ. ಬರೀ ಭತ್ತದ ಹುಲ್ಲು ಹಾಕುತ್ತಾರೆ. ಅದರಲ್ಲಿ ಏನಿದೆ? ಹೊಟ್ಟೆ ತುಂಬುತ್ತದೆ ಅಷ್ಟೇ. ಮಳೆಗೆ ಮಣ್ಣಿನ ಖನಿಜವೂ ತೊಳೆದುಹೋಗಿರುತ್ತದೆ. ಹಿಂಡಿ, ಖನಿಜ ಮಿಶ್ರಣ ಕೊಡದೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಡಿಸುವವರನ್ನು ನೋಡಿ ನನಗೆ ನಿಜವಾಗಿ ಬೇಜಾರಾಗುತ್ತದೆ. ಹಸು ಬಡಕಲಾಗಿದ್ದರೆ ಮೊದಲು ತಿನ್ನಲು ಕೊಡಿ.

ಇನ್ನೊಂದು ವಿಷಯ. ಹಸು 21 ದಿನಕ್ಕೆ ಸರಿಯಾಗಿ ಬೆದೆಗೆ ಬರುತ್ತಿದೆ, ಸೆಮೆನ್ ಹಾಕಿಸಿದರೂ ನಿಲ್ಲುತ್ತಿಲ್ಲ ಅಂದರೆ ಅದಕ್ಕೆ ಪ್ರೊಸ್ಟಾಗ್ಲಾಂಡಿನ್ ಪರಿಹಾರ ಅಲ್ಲ. ಅದರ ಗಂಟು ಸಮಯಕ್ಕೆ ಸರಿಯಾಗಿ ಕರಗುತ್ತಿದೆ. ಅಲ್ಲಿ ಸೋಂಕು, ಸೆಮೆನ್ ಹಾಕಿದ ಸಮಯ, ಮೇವು ನೋಡಬೇಕು. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ರಾತ್ರಿ ಮಲಗುವ ಮೊದಲು ಟಾರ್ಚ್ ಹಿಡಿದು ಹಟ್ಟಿಗೆ ಒಂದು ಸುತ್ತು ಹೋಗಿ. ತುಂಬಾ ಹಸುಗಳು ರಾತ್ರಿಯೇ ಬೆದೆ ತೋರಿಸುತ್ತವೆ.

ಗಿಡ್ಡತಳಿ, ಸೋಮವಾರಪೇಟೆ
ಮೇವಿನ ಮಾತು ಒಪ್ಪಿದೆ. ಇಂಜೆಕ್ಷನ್ ನನ್ನ ಹಟ್ಟಿಗೆ ಬರುವುದಿಲ್ಲ.

ಭಾಗಮಂಡಲ ಮಳೆ
ಡಾಕ್ಟ್ರೇ, ನನ್ನ ಹಸುವಿಗೆ ಇಂಜೆಕ್ಷನ್ ಕೊಟ್ಟರೂ ಬೆದೆ ಬರಲಿಲ್ಲ. ಔಷಧಿ ಡೂಪ್ಲಿಕೇಟಾ?

ನಿವೃತ್ತ ದನದ ಡಾಕ್ಟ್ರು
ಹಾಗೇ ಹೇಳಲಾಗದು. ಬೆದೆ ಆಗಿ ಐದು ದಿನದೊಳಗೆ ಕೊಟ್ಟರೆ ಕೆಲಸ ಮಾಡುವುದಿಲ್ಲ. ಗಂಟು ಆಗ ಎಳೆಯದು, ಪಿಜಿಎಫ್‌ಗೆ ಸೊಪ್ಪು ಹಾಕುವುದಿಲ್ಲ. ಅದಕ್ಕೇ ಕೆಲವೊಮ್ಮೆ 11 ಅಥವಾ 14 ದಿನ ಬಿಟ್ಟು ಎರಡನೇ ಸಲ ಕೊಡುತ್ತಾರೆ. ಕೊಡುವ ಮೊದಲು ಪುನಃ ಪರೀಕ್ಷೆ ಮಾಡಿಸಿ.

ಪೊನ್ನಂಪೇಟೆ ಫಾರೆಸ್ಟ್ರಿ ಹುಡುಗ
ಸ್ವಲ್ಪ ವಿಷಯಾಂತರ, ಆದರೆ ಕೊಡಗಿನದೇ. ದೇಹದ ಒಳಗಿನ ಸಂಕೇತ ಆಯಿತು, ದೇಹದ ಹೊರಗೆ ಹೋಗುವ ಸಂಕೇತವೂ ಇದೆ. ಏಷ್ಯಾದ ಹೆಣ್ಣಾನೆ ಬೆದೆಯ ಹತ್ತಿರ ಬಂದಾಗ ಅದರ ಮೂತ್ರದಲ್ಲಿ ಒಂದು ಅಣು ಇರುತ್ತದೆ. ಗಂಡಾನೆ ಸೊಂಡಿಲ ತುದಿಯನ್ನು ಮೂತ್ರಕ್ಕೆ ತಾಗಿಸಿ ಬಾಯಿಯ ಮೇಲ್ಭಾಗಕ್ಕೆ ಒತ್ತಿಕೊಳ್ಳುತ್ತದೆ. ಅಲ್ಲಿ ಅದನ್ನು ಗುರುತಿಸುವ ಅಂಗ ಇದೆ. ಆ ಅಣು ಯಾವುದು ಅಂತ 1996ರಲ್ಲಿ ಪ್ರಕಟವಾಯಿತು. ಆಶ್ಚರ್ಯ ಏನೆಂದರೆ ನೂರಕ್ಕೂ ಹೆಚ್ಚು ಜಾತಿಯ ಪತಂಗಗಳ ಹೆಣ್ಣುಗಳು ಗಂಡನ್ನು ಕರೆಯಲು ಬಳಸುವುದೂ ಇದೇ ಅಣುವನ್ನು!

ಆನೆಯಲ್ಲಿ ಇನ್ನೊಂದು ವಿಚಿತ್ರ. ಎಲ್‌ಎಚ್ ಸುಮಾರು ಮೂರು ವಾರದ ಅಂತರದಲ್ಲಿ ಎರಡು ಸಲ ಏರುತ್ತದೆ. ಅಂಡಾಣು ಬಿಡುವುದು ಎರಡನೇ ಸಲ ಮಾತ್ರ.

ಎಸ್ಟೇಟ್ ರೈಟರ್, ಸಿದ್ದಾಪುರ
ಹಾಗಾದರೆ ಆ ವಾಸನೆ ತಯಾರಿಸಿ ಕಾಡಲ್ಲಿ ಇಟ್ಟರೆ ತೋಟಕ್ಕೆ ಬರುವ ಆನೆಗಳನ್ನು ಆ ಕಡೆ ಸೆಳೆಯಬಹುದಲ್ವಾ? ಇಲ್ಲಿ ಬೆಳಿಗ್ಗೆ ಕೆಲಸದವರನ್ನು ಲೈನ್‌ಮನೆಯಿಂದ ಕಳಿಸಲು ಭಯವಾಗುತ್ತದೆ.

ಪೊನ್ನಂಪೇಟೆ ಫಾರೆಸ್ಟ್ರಿ ಹುಡುಗ
ಅಷ್ಟು ಸುಲಭ ಅಲ್ಲ ಅಣ್ಣ. ಅದು ಗಂಡಾನೆಯನ್ನು ಹತ್ತಿರಕ್ಕೆ ಕರೆಯುವ ವಾಸನೆ. ತೋಟದ ಬದಿಯಲ್ಲಿ ಚೆಲ್ಲಿದರೆ ಇನ್ನೂ ಅಪಾಯ. ಮರಿ ಜೊತೆ ಬರುವ ಹೆಣ್ಣಾನೆ ಗುಂಪಿಗೆ ಅದರಿಂದ ಏನೂ ಆಗುವುದಿಲ್ಲ. ಅವು ಬರುವುದು ಹಲಸಿಗೆ, ನೀರಿಗೆ, ಭತ್ತಕ್ಕೆ.

ಜೇನುಗೂಡು, ನಾಪೋಕ್ಲು
ಆನೆ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ ದಯವಿಟ್ಟು. ಇಲ್ಲಿ ಹಸುವಿನ ಮಾಹಿತಿ ಹುಡುಕುವವರಿಗೆ ಸಿಗುವುದಿಲ್ಲ.

ಹಂದಿಗೂಡು, ವಿರಾಜಪೇಟೆ
ಹಸು, ಆನೆ, ನಾಯಿ ಎಲ್ಲ ಆಯಿತು. ಕೊಡಗಲ್ಲಿ ಹಂದಿ ಬಗ್ಗೆ ಯಾರೂ ಕೇಳಲಿಲ್ಲವಲ್ಲ! ಪುತ್ತರಿ ಹಬ್ಬಕ್ಕೆ ಮಾಂಸ ಕೇಳುವವರು ಎಷ್ಟು ಜನ ಇದ್ದಾರೆ. ನನ್ನ ಪ್ರಶ್ನೆ: ಹೆಣ್ಣು ಹಂದಿಗೂ ಈ ಬೆದೆ ಇಂಜೆಕ್ಷನ್ ಕೊಡಬಹುದಾ? ಮತ್ತೆ, ಗಂಡನ್ನು ಪಕ್ಕದ ಗೂಡಿಗೆ ತಂದರೆ ಬೆದೆ ಚೆನ್ನಾಗಿ ತೋರಿಸುತ್ತದೆ, ಯಾಕೆ?

ನಿವೃತ್ತ ದನದ ಡಾಕ್ಟ್ರು
ಎರಡನೆಯದು ಮೊದಲು. ಗಂಡು ಹಂದಿಯ ಬಾಯಿಯ ನೊರೆಯಲ್ಲಿ ಆಂಡ್ರೊಸ್ಟೆನೋನ್ ಇರುತ್ತದೆ. ಬೆದೆಯಲ್ಲಿರುವ ಹೆಣ್ಣು ಅದರ ವಾಸನೆಗೆ ಬೆನ್ನು ಬಿಗಿಹಿಡಿದು ಅಲುಗದೆ ನಿಲ್ಲುತ್ತದೆ. ಸೆಮೆನ್ ಹಾಕುವಾಗ ಗಂಡು ಎದುರಿಗಿದ್ದರೆ ಒಳ್ಳೆಯದು.

ಬೆದೆ ತರಲು ಹಂದಿಗೆ ಪಿಜಿಎಫ್ ಸರಿಹೋಗುವುದಿಲ್ಲ. ಅದರ ಹಳದಿ ಗಂಟುಗಳು ಚಕ್ರದ 12, 13ನೇ ದಿನದವರೆಗೆ ಪಿಜಿಎಫ್‌ಗೆ ಬಗ್ಗುವುದಿಲ್ಲ. ಆಮೇಲೆ ಹೇಗೂ ತಾವಾಗಿಯೇ ಕರಗುತ್ತವೆ. ಬಸಿರಿನ ಸುದ್ದಿಯೂ ಹಂದಿಯಲ್ಲಿ ಬೇರೆ. ಪಿಂಡಗಳು 11, 12ನೇ ದಿನಕ್ಕೆ ಈಸ್ಟ್ರೋಜನ್ ಬಿಡುತ್ತವೆ. ಅದರಿಂದ ಪಿಜಿಎಫ್ ರಕ್ತಕ್ಕೆ ಸೇರದೆ ಗರ್ಭಕೋಶದ ಒಳಗೇ ಉಳಿದು ಅಲ್ಲೇ ನಾಶವಾಗುತ್ತದೆ. ಆ ಹೊತ್ತಿಗೆ ಕಮ್ಮಿ ಅಂದರೂ ನಾಲ್ಕು ಪಿಂಡ ಇಲ್ಲದಿದ್ದರೆ ಸಾಮಾನ್ಯವಾಗಿ ಬಸಿರು ನಿಲ್ಲುವುದಿಲ್ಲ.

ಮರಿ ಹಾಕಿಸಲು ಮಾತ್ರ ಹಂದಿಗೆ ಇದನ್ನು ಕೊಡುತ್ತಾರೆ. ಹಂದಿಯ ಬಸಿರು ಸುಮಾರು 114 ದಿನ. ಗಂಡಿಗೆ ಬಿಟ್ಟ ತಾರೀಕು ಬರೆದಿಟ್ಟಿದ್ದರೆ 112, 113ನೇ ದಿನ ಡಾಕ್ಟರು ಕೊಡಬಹುದು. ತಾರೀಕು ಗೊತ್ತಿಲ್ಲದೆ ಕೊಡಿಸಬೇಡಿ. ಬೇಗ ಹುಟ್ಟಿದ ಮರಿಗಳು ಉಳಿಯುವುದಿಲ್ಲ.

ಹಂದಿಗೂಡು, ವಿರಾಜಪೇಟೆ
ತಾರೀಕು ಬರೆದಿಲ್ಲ ಡಾಕ್ಟ್ರೇ. ಈಗ ಒಂದು ಹಂದಿ ನಿನ್ನೆಯಿಂದ ಮೂತಿಯಲ್ಲಿ ನೆಲ ಕೆದಕಿ ಸಿಕ್ಕಿದ್ದೆಲ್ಲ ಗುಡ್ಡೆ ಹಾಕುತ್ತಿದೆ.

ನಿವೃತ್ತ ದನದ ಡಾಕ್ಟ್ರು
ಅದಕ್ಕೆ ಇಂಜೆಕ್ಷನ್ ಬೇಡವೇ ಬೇಡ. ಮರಿ ಹಾಕುವ ಹೊತ್ತು ಬಂದಿದೆ. ಗೂಡು ಕಟ್ಟುವ ಆ ಚಟುವಟಿಕೆಗೂ ಪ್ರೊಸ್ಟಾಗ್ಲಾಂಡಿನ್‌ಗೂ ಸಂಬಂಧ ಇದೆ. ಇಂಜೆಕ್ಷನ್ ಕೊಟ್ಟ ಹಂದಿಯೂ ಹೀಗೇ ಕೆದಕಲು ಶುರು ಮಾಡುತ್ತದೆ. ಮೊಲೆ ಮೆಲ್ಲಗೆ ಒತ್ತಿ ನೋಡಿ. ಹಾಲು ಸಲೀಸಾಗಿ ಬಂದರೆ ಒಂದು ದಿನದೊಳಗೆ ಮರಿ ಹಾಕುತ್ತದೆ. ಒಣಗಿದ ಭತ್ತದ ಹುಲ್ಲು ಹಾಕಿಕೊಡಿ. ತುಂಬಾ ದಪ್ಪಗೆ ಬೇಡ, ಮರಿಗಳು ಹುಲ್ಲಿನಡಿ ಸಿಕ್ಕಿಕೊಂಡರೆ ತಾಯಿ ಗೊತ್ತಾಗದೆ ಮೇಲೆ ಮಲಗುತ್ತದೆ. ಬೆಚ್ಚಗಿರಲು ಮೂಲೆಯಲ್ಲಿ ಒಂದು ಬಲ್ಬ್ ಹಾಕಿ.

ಹಂದಿಗೂಡು, ವಿರಾಜಪೇಟೆ
ಹಾಲು ಬರುತ್ತಿದೆ ಡಾಕ್ಟ್ರೇ. ಹುಲ್ಲು ಹಾಕಿದೆ. ಕರೆಂಟ್ ಇಲ್ಲ, ಪಕ್ಕದವರ ಜನರೇಟರ್ ಕೇಳಿಕೊಂಡು ಬರುತ್ತೇನೆ.